ಕೋರಾ ಸೊಪ್ಪಿನ ರುಚಿ

ಓರಿನ್‌ನ ಮೂಗು ಸತ್ತಿದೆ ಅನ್ನುವುದು ವೆರ್ನಾಗೆ ಗೊತ್ತಾದದ್ದು ನಾಯಿಯಿಂದ. ಆ ಪೆದ್ದು ನಾಯಿ ಸೌದೆ ರಾಶಿಯ ಹಿಂದೆ ಸ್ಕಂಕ್ ಅನ್ನುವ ನಾತದ ಪ್ರಾಣಿಯ ಜೊತೆ ಜಗಳಕ್ಕೆ ಹೋಗಿ, ಅದು ಬಾಲ ಎತ್ತಿ ಹಾರಿಸಿದ್ದನ್ನೆಲ್ಲ ಮುಖಕ್ಕೆ ಹೊಡೆಸಿಕೊಂಡು ಒಳಗೆ ಬಂದಿತ್ತು. ನಮ್ಮ ಹಂಬೋಲ್ಟ್ ಗುಡ್ಡಗಳಲ್ಲಿ ಆ ನಾತ ಎದ್ದರೆ ಕಣಿವೆಯಾಚೆ ಮನೆಯವರೂ ಕಿಟಕಿ ಮುಚ್ಚಿಕೊಳ್ಳುತ್ತಾರೆ. ಅವಳ ಗಂಡ ಓರಿನ್ ಮಾತ್ರ ನಾಯಿಯನ್ನು ತೊಡೆಗೆ ಎಳೆದುಕೊಂಡು, ಅದರ ಕಿವಿ ಕೆರೆಯುತ್ತ, ತಟ್ಟೆಯ ಎರಡು ಮೊಟ್ಟೆ ಮುಗಿಸಿ ಎದ್ದ. ವೆರ್ನಾ ಒಲೆಯ ಹತ್ತಿರ ನಿಂತು ನೋಡಿದಳು, ಏನೂ ಅನ್ನಲಿಲ್ಲ. ನಾಯಿಯನ್ನು ಹೊರಗೆ ಎಳೆದುಕೊಂಡು ಹೋಗಿ ನಾತ ಹೋಗಲಿ ಅಂತ ಟೊಮೇಟೊ ರಸ ಸುರಿದು ತಿಕ್ಕಿದಳು.

ಅದು ಎರಡು ವರ್ಷದ ಹಿಂದಿನ ಮಾತು. ಲೋಕಕ್ಕೆಲ್ಲ ಬಂದ ಆ ಜ್ವರ ನಮ್ಮ ಗುಡ್ಡಕ್ಕೂ ಹತ್ತಿ ಬಂದಿತ್ತು, ಓರಿನ್ ಹನ್ನೆರಡು ದಿನ ಮಲಗಿದ್ದ. ಬದುಕಿದ್ದೇ ದೊಡ್ಡದು, ಮೂಗು ಹೋದರೆ ಹೋಯಿತು ಅನ್ನಬಹುದು ಬೇರೆ ಯಾರದ್ದಾದರೂ ಆಗಿದ್ದರೆ. ಓರಿನ್ ಟ್ವೈಟ್‌ಗೆ ಇದ್ದ ಆಸ್ತಿಯೇ ಅದು. ನಲವತ್ತು ವರ್ಷದಿಂದ ಸೊಪ್ಪು ಬೆಳೆದವನು. ಗಾಂಜಾಕ್ಕೆ ನಮ್ಮಲ್ಲಿ ಬಾಯಿ ತುಂಬ ಸೊಪ್ಪು ಅನ್ನುವುದೇ ರೂಢಿ. ಸರ್ಕಾರದ ಹೆಲಿಕಾಪ್ಟರ್ ಬಂದು ಗಿಡ ಕಡಿದು ಹಾಕುತ್ತಿದ್ದ ಕಾಲದಿಂದ ಹಿಡಿದು, ಅದೇ ಸರ್ಕಾರ ಪರವಾನಗಿ ಪತ್ರ ಕೊಡುವ ಕಾಲದವರೆಗೆ ಬೆಳೆದ. ಯಾರದ್ದೇ ಹೂವು ತಂದುಕೊಡಲಿ, ಒಂದು ಸಲ ಮೂಸಿ, ಇದು ನದಿ ದಂಡೆಯದ್ದು, ಇದು ಮೇಲಿನ ಒಣ ಮಣ್ಣಿನದ್ದು, ಇದನ್ನು ಎರಡು ದಿನ ಮೊದಲೇ ಕೊಯ್ದಿದ್ದೀರಿ ಅಂತ ಹೇಳುವವನು. ಜನ ನಂಬುತ್ತಿದ್ದದ್ದು ಆ ಮೂಗನ್ನು.

ಅವನ ಸೊಪ್ಪಿಗೆ ಕೋರಾ ಅಂತ ಹೆಸರು. ಕೋರಾ ಅವನ ಮೊದಲ ಹೆಂಡತಿ. ಆ ತಳಿಯನ್ನು ಅವರಿಬ್ಬರೂ ಸೇರಿ ಮಾಡಿದ್ದು. ಅವಳು ತೀರಿಕೊಂಡು ಇಪ್ಪತ್ತೆರಡು ವರ್ಷ ಆಯಿತು. ವೆರ್ನಾ ಬಂದು ಹತ್ತೊಂಬತ್ತು ವರ್ಷ. ಕರಾವಳಿಯ ಪೋರ್ಚುಗೀಸ್ ಹೈನಿನವರ ಮನೆಯ ಹುಡುಗಿ, ಹಸುವಿನ ಕೆಚ್ಚಲು ಬಿಟ್ಟು ಬೇರೇನೂ ಗೊತ್ತಿಲ್ಲದೆ ಬಂದವಳು, ಇಲ್ಲಿ ಕತ್ತರಿ ಹಿಡಿದು ಪ್ರತಿ ಶರತ್ಕಾಲವೂ ಕೋರಾದ ಹೂವಿನಿಂದ ಎಲೆ ಬಿಡಿಸಿದಳು. ಬೆರಳಿಗೆ ಅಂಟು ಮೆತ್ತಿಕೊಂಡು ಕರ್ರಗಾಗುತ್ತಿತ್ತು, ಎಣ್ಣೆ ಹಚ್ಚಿ ತಿಕ್ಕಿದರೂ ಹೋಗುತ್ತಿರಲಿಲ್ಲ. ಕೊಯ್ಲು ಮುಗಿದ ದಿನ ನೆಂಟರಿಷ್ಟರು ಸೇರಿ, ಲೋಟ ಎತ್ತಿ, "ಕೋರಾಗೆ" ಅನ್ನುವರು. ವೆರ್ನಾ ಕೂಡ ಎತ್ತುವಳು. ಎಲೆ ಬಿಡಿಸಿದವಳ ಹೆಸರಿನಲ್ಲಿ ಆ ಗುಡ್ಡದ ಮೇಲೆ ಒಂದು ಮೆಣಸಿನಕಾಯಿ ಗಿಡ ಕೂಡ ಇರಲಿಲ್ಲ ನೋಡಿ. ಸತ್ತ ಎಮ್ಮೆಗೆ ಹತ್ತು ಸೇರು ಹಾಲು ಅಂತ ಸುಮ್ಮನೆ ಹೇಳುತ್ತಾರೆಯೆ? ಇದನ್ನೆಲ್ಲ ಅವಳು ನುಂಗಿಕೊಂಡಿದ್ದಳು. ನುಂಗಲಾಗದೆ ಉಳಿದದ್ದು ಒಂದೇ. ಆ ಜ್ವರದಲ್ಲಿ ಅವಳು ಒದ್ದೆ ಬಟ್ಟೆ ಹಾಕಿ, ಬಾಯಿಗೆ ಸಾರು ಬಿಟ್ಟು, ಹೇಲು ಉಚ್ಚೆ ಬಳಿಯುತ್ತಿದ್ದಾಗ ಓರಿನ್ ಅವಳ ಕೈ ಹಿಡಿದು, "ಕೋರಾ, ನೀನಿದೀಯಲ್ಲ, ಸಾಕು" ಅಂದಿದ್ದ. ವೆರ್ನಾ "ಇದೀನಿ" ಅಂದಿದ್ದಳು.

ಜ್ವರ ಬಿಟ್ಟ ಮೇಲೆ ಡಾಕ್ಟರು ಚಿಲುಮೆ ಮುಟ್ಟಿದರೆ ಶ್ವಾಸಕೋಶ ಕೈಕೊಡುತ್ತದೆ ಅಂತ ಹೆದರಿಸಿದರು. ಹೊಗೆ ಬಿಟ್ಟು ಆವಿಗೆ ಬಾ ಅಂದರು. ಅಲ್ಲಿಂದ ಶುರುವಾಯಿತು ಓರಿನ್‌ನ ವೇಪರೈಸರ್ ಹುಚ್ಚು, ಸೊಪ್ಪನ್ನು ಸುಡದೆ ಬಿಸಿ ಮಾಡಿ ಆವಿ ಕೊಡುವ ಯಂತ್ರಗಳ ಹುಚ್ಚು.

ಮೊದಲು ತಂದದ್ದು ಪೆನ್ನಿನ ಗಾತ್ರದ ಪ್ಲಾಸ್ಟಿಕ್ಕಿನದು. ಎರಡು ದಮ್ಮು ಎಳೆದು, ಸುಟ್ಟ ಪಾಪ್‌ಕಾರ್ನ್ ತಿಂದ ಹಾಗಿದೆ ಅಂತ ಮುಖ ಸಿಂಡರಿಸಿ ಅದನ್ನು ವೆರ್ನಾಳ ಕೈಗೆ ಕೊಟ್ಟ. ಅವಳೂ ಎಳೆದು, ಹೌದು, ಸುಟ್ಟ ವಾಸನೆ ಅಂದಳು. ಮಾರನೇ ತಿಂಗಳು ಉಕ್ಕಿನದು ಬಂತು, ಜೇಬಿನಲ್ಲಿ ಇಟ್ಟುಕೊಳ್ಳುವಂಥದ್ದು, ಒಳಗೆ ಪುಟ್ಟ ಒಲೆ. ಇದರಲ್ಲಿ ಲೋಹದ ರುಚಿ ಬರುತ್ತದೆ ಅಲ್ಲವಾ ಅಂತ ಅವನೇ ಕೇಳಿದ. ಅವಳು ಎಳೆದು, ಸ್ವಲ್ಪ, ಕೊನೆಗೆ, ಅಂದಳು. ಅವನು "ಅದೇ ನಾನಂದಿದ್ದು" ಅಂದ. ವೆರ್ನಾ ಆಗಲೇ ಗಮನಿಸಿದಳು: ಇವನು ಮೊದಲು ಎಳೆಯುತ್ತಾನೆ, ಆಮೇಲೆ ತನಗೆ ಕೊಡುತ್ತಾನೆ, ಆಮೇಲೆ ತನ್ನ ಮುಖ ನೋಡುತ್ತಾನೆ. ತಾನು ಏನಂದರೆ ಅದನ್ನೇ ನಾಲ್ಕು ಜನರ ಮುಂದೆ ಅವನದೇ ಮಾತು ಅನ್ನುವ ಹಾಗೆ ಹೇಳುತ್ತಾನೆ. ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ, ಮೂಗು ಸತ್ತವನು ಯಂತ್ರದ ಮೇಲೆ ತಪ್ಪು ಹೊರಿಸುತ್ತಿದ್ದಾನೆ ಅಂತ ಅವಳು ತೀರ್ಮಾನಿಸಿದಳು. ಬಾಯಿ ಬಿಟ್ಟು ಹೇಳಲಿಲ್ಲ. ಗಂಡಸಿನ ಮರ್ಯಾದೆ ಅಂದುಕೊಂಡಳೋ, ಇರಲಿ, ಇದೊಂದಾದರೂ ನನ್ನ ಮುಷ್ಟಿಯಲ್ಲಿರಲಿ ಅಂದುಕೊಂಡಳೋ, ಅವಳಿಗೇ ಗೊತ್ತು.

ಯಂತ್ರಗಳನ್ನು ಕೊಡುತ್ತಿದ್ದವನು ಹಾಲಿಸ್. ಆರ್ಕೇಟಾ ಪೇಟೆಯಲ್ಲಿ ಗಾಜು ಊದಿ ಸಾಮಾನು ಮಾಡುವವನು, ಓರಿನ್‌ನ ಹಳೇ ಸ್ನೇಹಿತ. ಹನ್ನೊಂದು ವರ್ಷದಿಂದ ಹೆಂಡ ಸೊಪ್ಪು ಎರಡನ್ನೂ ಮುಟ್ಟಿಲ್ಲ, ಆದರೆ ರುಚಿಯ ಬಗ್ಗೆ ಪಾದ್ರಿಗಿಂತ ಜೋರಾಗಿ ಪ್ರವಚನ ಕೊಡುತ್ತಾನೆ. ಅಗ್ಗದ ಯಂತ್ರಗಳು ಸೊಪ್ಪನ್ನು ಬಾಣಲೆಯಲ್ಲಿ ಹುರಿಯುತ್ತವೆ, ತಳ ಹೊತ್ತಿ ಮೇಲೆ ಹಸಿ ಉಳಿಯುತ್ತದೆ ಅಂತ ಅವನ ಸಿದ್ಧಾಂತ. ಒಳ್ಳೆಯದರಲ್ಲಿ ಬಿಸಿಗಾಳಿ ಮಾತ್ರ ಸೊಪ್ಪಿನ ನಡುವೆ ಹಾಯಬೇಕು, ಹಾಯುವ ದಾರಿ ಪೂರ್ತಿ ಗಾಜಿನದಾಗಿರಬೇಕು. ಶಾಖ ಕಡಿಮೆ ಇದ್ದಷ್ಟೂ ಪರಿಮಳ ಹೆಚ್ಚು. ಮುನ್ನೂರ ನಲವತ್ತು ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ಅಮಲು ಏರುತ್ತದೆ, ಹೂವು ಸಾಯುತ್ತದೆ. ಮೊದಲ ಎರಡು ದಮ್ಮಿನಲ್ಲೇ ರುಚಿ, ಮೂರನೆಯದು ಬರೀ ಆಸೆ. ವೆರ್ನಾ ಒಂದು ಸಲ ರೇಗಿಸಿದಳು, ಅಡುಗೆ ಮಾಡದವನು ಉಪ್ಪಿನ ಲೆಕ್ಕ ಹೇಳಿದ ಹಾಗಿದೆ ಅಂತ. ಹಾಲಿಸ್ ನಕ್ಕ. ಗಾಜಿನ ನಳಿಗೆಯ ಅಳತೆ ತೆಗೆಯುವಾಗ ಅವಳನ್ನೂ ಕರೆದು ಬಾಯಿಗಿಟ್ಟು ನೋಡು ಅಂದ. ನಿನಗೆ ಕೆಮ್ಮು ಬರುತ್ತಲ್ಲ, ಉದ್ದ ಇರಲಿ, ಆವಿ ತಣ್ಣಗಾಗಿ ಬರುತ್ತೆ ಅಂದ. ಓರಿನ್ ಪಕ್ಕದಲ್ಲಿ ನಿಂತು ತಲೆ ಆಡಿಸಿದ. ಅವಳು ಅದಕ್ಕೆ ಅಷ್ಟು ಬೆಲೆ ಕೊಡಲಿಲ್ಲ.

ಈ ನಡುವೆ ಕೋರಾದ ತಾಯಿ ಗಿಡಕ್ಕೆ ರೋಗ ಹತ್ತಿತು. ನಮ್ಮಲ್ಲಿ ಪ್ರತಿ ತಳಿಗೂ ಒಂದು ತಾಯಿ ಇರುತ್ತದೆ. ಅದನ್ನು ಹೂ ಬಿಡಲು ಬಿಡದೆ, ದೀಪದ ಕೆಳಗೆ ಕುಂಡದಲ್ಲಿ ಸಾಕಿ, ಪ್ರತಿ ವಸಂತದಲ್ಲೂ ಅದರ ಕಡ್ಡಿ ಮುರಿದು ನೆಟ್ಟು ಬೆಳೆ ತೆಗೆಯುವುದು. ಕಡ್ಡಿಯಿಂದ ಬಂದದ್ದು ತಾಯಿಯದೇ ಅಚ್ಚು. ಆ ತಾಯಿಗೆ ಕಣ್ಣಿಗೆ ಕಾಣದ ಸೋಂಕು ತಗುಲಿ, ಅದರ ಕಡ್ಡಿಯಿಂದ ಬಂದ ಗಿಡಗಳ ಹೂವು ಸಣ್ಣಗಾಗಿ, ಅಂಟು ಒಣಗಿ, ಪರಿಮಳ ಇಲ್ಲವಾಯಿತು. ಓರಿನ್ ಅದನ್ನು ತಾನೇ ಕಿತ್ತು ಸುಟ್ಟ. ಆ ದಿನ ಅವನು ಊಟ ಮಾಡಲಿಲ್ಲ.

ಉಳಿದದ್ದು ಬೀಜ. ಹಳೇ ಕ್ಯಾಮೆರಾ ರೀಲಿನ ಡಬ್ಬಿಯಲ್ಲಿ, ಫ್ರೀಜರಿನ ತಳದಲ್ಲಿ, ಕೋರಾ ತನ್ನ ಕೈಯಾರೆ ಕಟ್ಟಿ ಇಟ್ಟಿದ್ದ ಅರವತ್ತು ಬೀಜ. ಹನ್ನೊಂದು ಮೊಳೆತವು. ಐದು ಗಂಡು, ಸೇದುವ ಹೂವು ಬಿಡದವು, ಕಿತ್ತು ಹಾಕಿದರು. ಆರು ಹೆಣ್ಣು. ಬೀಜದಿಂದ ಬಂದವು ಅಕ್ಕತಂಗಿಯರಿದ್ದ ಹಾಗೆ, ಒಂದಕ್ಕೆ ತಾಯಿಯ ಕಣ್ಣು ಬಂದರೆ ಇನ್ನೊಂದಕ್ಕೆ ಅಪ್ಪನ ದವಡೆ. ಕೋರಾದ ರುಚಿ ಒಂದಕ್ಕೆ ಬಂದಿರಬಹುದು, ಯಾವುದಕ್ಕೂ ಬರದೆಯೂ ಇರಬಹುದು. ಆರರಿಂದಲೂ ಕಡ್ಡಿ ಮುರಿದು ನೆಟ್ಟು, ಹೂ ಬರಿಸಿ, ಒಣಗಿಸಿ, ಆರು ಗಾಜಿನ ಭರಣಿಯಲ್ಲಿ ಹದ ಮಾಡಿದ್ದಾಯಿತು. ಆರೂ ತಾಯಿ ಗಿಡಗಳು ಕೊಟ್ಟಿಗೆಯಲ್ಲಿ ಕುಂಡದಲ್ಲಿ ನಿಂತಿದ್ದವು, ಒಂದರಿಂದ ಆರರವರೆಗೆ ನಂಬರು ಹಚ್ಚಿಕೊಂಡು.

ಗುಡ್ಡದಲ್ಲಿ ಒಂದು ನೇಮ ಉಂಟು. ತಾಯಿ ಒಂದೇ. ಆರಿಸುವಾಗ ಮನೆಯವರಲ್ಲದವರು ಯಾರೂ ಇರಕೂಡದು, ಆರಿಸಿದ ದಿನವೇ ಉಳಿದದ್ದನ್ನೆಲ್ಲ ನುರಿಸುವ ಯಂತ್ರಕ್ಕೆ ಹಾಕಬೇಕು. ಒಂದು ಕಡ್ಡಿ ಉಳಿದರೂ ಯಾರೋ ಕದ್ದು ನೆಟ್ಟು, ನಿನ್ನ ತಳಿಯ ತಂಗಿಯನ್ನು ತನ್ನದು ಅಂತ ಮಾರುತ್ತಾನೆ. ಎಷ್ಟೋ ಜನ ಹಾಗೆ ಕಳೆದುಕೊಂಡಿದ್ದಾರೆ. ಆದ್ದರಿಂದ ಆ ದಿನ ನಾಲಿಗೆ ತಪ್ಪಿದರೆ ತಪ್ಪಿತು, ಹಿಂದೆ ತಿರುಗುವ ದಾರಿ ಇಲ್ಲ.

ನವೆಂಬರಿನ ಒಂದು ಭಾನುವಾರ ಹಾಲಿಸ್ ಹೊಸ ಯಂತ್ರ ತಂದ. ಎಂಟು ತಿಂಗಳು ಅದಕ್ಕಾಗಿ ತಲೆ ಕೆಡಿಸಿಕೊಂಡಿದ್ದನಂತೆ. ಬಿಸಿಯಾಗುವ ತಂತಿ ಸುರುಳಿಯೊಳಗೆ ಸಾಸಿವೆಗಿಂತ ಸ್ವಲ್ಪ ದೊಡ್ಡ ಕೆಂಪು ಹರಳಿನ ಗುಂಡುಗಳು. ಗಾಳಿ ಅವುಗಳ ಸಂದಿಯಲ್ಲಿ ಹಾದು ಒಂದೇ ಸಮ ಬಿಸಿಯಾಗಿ ಸೊಪ್ಪಿನ ಮೇಲೆ ಇಳಿಯುತ್ತದೆ. ಬಟ್ಟಲು ಚಿಕ್ಕದು, ನಳಿಗೆ ಉದ್ದದ್ದು. ಇಷ್ಟು ಶುದ್ಧ ರುಚಿ ಕೊಡುವುದನ್ನು ನಾನು ಮತ್ತೆ ಮಾಡಲಾರೆ ಅಂತ ಹೇಳಿ, ಕಾಫಿ ಕೂಡ ಕುಡಿಯದೆ, ನೇಮದ ಪ್ರಕಾರ ಹೊರಟುಹೋದ.

ಅಡುಗೆಮನೆಯ ಮೇಜಿನ ಮೇಲೆ ಆರು ಭರಣಿ. ಹಿಂದಿನ ದಿನದಿಂದ ಇಬ್ಬರೂ ಬೆಳ್ಳುಳ್ಳಿ, ಕಾಫಿ ಬಿಟ್ಟಿದ್ದರು. ಮಧ್ಯೆ ಬಾಯಿ ತೊಳೆಯಲು ನೀರು, ಹುಳಿ ರೊಟ್ಟಿಯ ಬಿಳಿ ತಿರುಳು, ನಳಿಗೆ ಒರೆಸಲು ಆಲ್ಕೋಹಾಲು. ಓರಿನ್ ಹೂವನ್ನು ಬೆರಳಿನಿಂದಲೇ ಬಿಡಿಸಿ ಬಟ್ಟಲಿಗೆ ಉದುರಿಸಿದ. ಪುಡಿ ಮಾಡಿದರೆ ಪರಿಮಳ ಡಬ್ಬಿಯಲ್ಲೇ ಹಾರಿಹೋಗುತ್ತದೆ. ಅವನೊಂದು ದಮ್ಮು, ಅವಳೊಂದು ದಮ್ಮು.

ಮೊದಲನೆಯದು ಮಣ್ಣು. ಎರಡನೆಯದು ನಿಂಬೆ ಸಿಪ್ಪೆ, ಜೊತೆಗೆ ಏನೋ ಸಿಹಿ, ಚೆನ್ನಾಗಿತ್ತು. ಮೂರನೆಯದು ಪೆಟ್ರೋಲಿನ ಹಾಗೆ. ಪ್ರತಿ ಸಲವೂ ಅವನು ಅವಳ ಮುಖ ನೋಡಿದ, ಅವಳು ಹೇಳಿದಳು, ಅವನು ಹೌದೆಂದ.

ನಾಲ್ಕನೆಯದನ್ನು ಅವಳು ಎಳೆದಳು. ಮೊದಲು ಹಣ್ಣಾದ ಏಪ್ರಿಕಾಟಿನ ಸಿಪ್ಪೆ ಬಂತು. ಅದರ ಹಿಂದೆಯೇ ಮಳೆಯಲ್ಲಿ ನೆಂದ ದೇವದಾರು ಹಲಗೆ. ಆವಿ ಮೂಗಿನಿಂದ ಹೊರಬಿದ್ದ ಮೇಲೆ, ಎಲ್ಲ ಮುಗಿಯಿತು ಅನ್ನುವಾಗ, ನಾಲಿಗೆಯ ಬುಡದಲ್ಲಿ ಕಿತ್ತಳೆ ಸಿಪ್ಪೆಯ ಆ ಒಂದು ಚೂರು ಕಹಿ. ಹತ್ತೊಂಬತ್ತು ವರ್ಷ ಬೆರಳಿಗೆ, ಕೂದಲಿಗೆ, ದಿಂಬಿಗೆ ಮೆತ್ತಿಕೊಂಡಿದ್ದ ವಾಸನೆ. ಅವಳಿಗೆ ಎಲ್ಲಿದ್ದರೂ ಗೊತ್ತಾಗುತ್ತಿತ್ತು. ಸತ್ತ ಕೋರಾ ಮತ್ತೆ ಬಂದಿದ್ದಳು, ಹೊಸ ಹರಳಿನ ಯಂತ್ರ ಏರಿಕೊಂಡು, ಹಿಂದೆಂದಿಗಿಂತ ಚೊಕ್ಕವಾಗಿ.

ಓರಿನ್ ನೋಡುತ್ತಿದ್ದ. ಅವನ ಕೈ ಮೇಜಿನ ಅಂಚು ಹಿಡಿದಿತ್ತು.

ಇನ್ನೊಂದು ಇಪ್ಪತ್ತು ವರ್ಷ ಅಂತ ವೆರ್ನಾ ಲೆಕ್ಕ ಹಾಕಿದಳು. ಇನ್ನೊಂದು ಇಪ್ಪತ್ತು ಸಲ ಲೋಟ ಎತ್ತಬೇಕು. ತಾನು ಸತ್ತ ದಿನವೂ ಬಂದವರು ಕೋರಾದ ಒಂದು ಭರಣಿ ಬಿಚ್ಚುತ್ತಾರೆ. ಅವಳು ನಳಿಗೆಯನ್ನು ಮೆಲ್ಲಗೆ ಕೆಳಗಿಟ್ಟು ನೆಟ್ಟಗೆ ಕೂತಳು. ಹಸು ಒದೆಯುವ ಮೊದಲು ಹೀಗೇ ನಿಲ್ಲುತ್ತದೆ, ಮೈ ಅಲುಗದ ಹಾಗೆ. ಮುಖದ ಒಂದು ಸ್ನಾಯುವೂ ಮಿಸುಕದಂತೆ ಅವಳು ಉಸಿರು ಬಿಟ್ಟಳು.

"ಒಣ ಹುಲ್ಲು," ಅಂದಳು. "ಹಸೂಗೆ ಹಾಕಬೌದು ಅಷ್ಟೇ."

ಓರಿನ್ ಬಟ್ಟಲನ್ನು ಇಣುಕಿ ನೋಡಿದ. "ಇನ್ನೊಂದು ಸಲ ಎಳೀತೀಯಾ?"

"ಬ್ಯಾಡ. ಹುಲ್ಲು ಹುಲ್ಲೇ."

ಅವನು ಭರಣಿಯನ್ನು ಪಕ್ಕಕ್ಕೆ ಸರಿಸಿದ. ಐದು, ಆರು ಮುಗಿದವು. ಆಮೇಲೆ ಅವಳು ಎರಡನೆಯದನ್ನು ಮತ್ತೆ ಕೇಳಿ ತೆಗೆದುಕೊಂಡು, ಕಣ್ಣು ಮುಚ್ಚಿ ಎಳೆದು, ಬೇಕಾದಷ್ಟು ಹೊತ್ತು ತಡೆದು, ಇದೇ ಅಂದಳು. ಇದರಲ್ಲೇ ಇದೆ ಅಂದಳು. ನಿಂಬೆ ಮುಂದಿದೆ, ಆದರೆ ಹಿಂದೆ ಅವಳೇ ಇರೋದು.

ಓರಿನ್ ಎದ್ದು ಹೊರಗೆ ಹೋದ. ಕಿಟಕಿಯಿಂದ ಅವಳು ನೋಡಿದಳು: ಒಂದೊಂದೇ ಕುಂಡವನ್ನು ಕೈಗಾಡಿಯಲ್ಲಿ ತಂದು, ಗಿಡ ಬುಡಸಮೇತ ಕಿತ್ತು, ಮಣ್ಣು ಕೊಡವಿ, ನುರಿಸುವ ಯಂತ್ರದ ಬಾಯಿಗೆ ಕೊಟ್ಟ. ಒಂದು. ಮೂರು. ನಾಲ್ಕನೆಯದನ್ನು ಎತ್ತಿಕೊಂಡಾಗ ಅವಳು ಬಾಗಿಲವರೆಗೆ ಬಂದಳು. ಯಾಕೆ ಬಂದಳೋ, ತಡೆಯುವುದಕ್ಕೋ ಖಾತ್ರಿ ಮಾಡಿಕೊಳ್ಳುವುದಕ್ಕೋ. ಯಂತ್ರ ಗಂಟಲು ಕಟ್ಟಿದ ಹಾಗೆ ಒಂದು ಕ್ಷಣ ತಡವರಿಸಿ ಮತ್ತೆ ಓಡಿತು. ಆ ಕಡೆಯಿಂದ ಹಸಿರು ಚೂರು ಉದುರಿತು, ಗಾಳಿಯಲ್ಲಿ ಏಪ್ರಿಕಾಟಿನ ವಾಸನೆ ಎದ್ದು ಅಂಗಳವಿಡೀ ಹರಡಿತು. ಅದರ ನಡುವೆ ನಿಂತು ಓರಿನ್ ಐದನೆಯ ಗಿಡಕ್ಕೆ ಕೈ ಹಾಕಿದ. ಪಾಪ, ಅವನಿಗೆ ಏನೂ ಗೊತ್ತಾಗಲಿಲ್ಲ.

ಎಲ್ಲ ಮುಗಿಸಿ, ಚೂರನ್ನೆಲ್ಲ ಡ್ರಮ್ಮಿಗೆ ತುಂಬಿ ಬೆಂಕಿ ಹಾಕಿ, ಕೈ ತೊಳೆದುಕೊಂಡು ಒಳಗೆ ಬಂದ. ಎರಡನೇ ನಂಬರಿನ ಕುಂಡವನ್ನು ತಂದು ಮೇಜಿನ ಮೇಲಿಟ್ಟ. ಎದುರಿಗೆ ಕೂತು, ಮೊದಲ ಸಲ, ಅವಳ ಮುಖದ ಬದಲು ತನ್ನ ಕೈ ನೋಡಿಕೊಂಡು ಮಾತಾಡಿದ.

"ವೆರ್ನ್, ನನ್ನ ಮೂಗು ಹೋಗಿ ಎರಡು ವರ್ಷ ಆಯ್ತು."

ಅವಳು ರೊಟ್ಟಿಯ ಚೂರುಗಳನ್ನು ಒಟ್ಟು ಮಾಡುತ್ತಿದ್ದಳು. ಕೈ ನಿಂತಿತು.

"ನಿಂಗೆ ಗೊತ್ತು ಅಂತ ನಂಗೂ ಗೊತ್ತಿತ್ತು. ಆ ನಾಯಿ ತೊಳೆದ ದಿನಾನೇ. ನೀನು ಒಂದ್ ಮಾತೂ ಆಡ್ಲಿಲ್ಲ. ಬೇರೆ ಯಾರಾದ್ರೂ ಆಗಿದ್ರೆ ಊರೆಲ್ಲ ಸಾರಿರೋರು."

ಅವನು ಹೇಳುತ್ತ ಹೋದ. ಯಂತ್ರ ಒಂದೂ ತನಗಾಗಿ ತಂದದ್ದಲ್ಲ. ತನಗೆ ಪ್ಲಾಸ್ಟಿಕ್ಕೂ ಒಂದೇ, ಹರಳೂ ಒಂದೇ. ಬಿಸಿ ಗಾಳಿ ಬಿಟ್ಟು ಇನ್ನೇನೂ ಬರುವುದಿಲ್ಲ. ಹಾಲಿಸ್‌ಗೆ ಮೊದಲ ದಿನವೇ ಹೇಳಿದ್ದನಂತೆ, ವೆರ್ನಾಳ ನಾಲಿಗೆಗೆ ಹೊಂದುವುದನ್ನು ಮಾಡು, ಅವಳು ನಿಧಾನ ಎಳೆಯುವವಳು, ಅವಳಿಗೆ ಕೆಮ್ಮು ಬರುತ್ತದೆ ಅಂತ. ಬಾಯಿಬಿಟ್ಟು ಕೇಳಿದ್ದರೆ ನೀನು ಹೆದರಿಬಿಡುತ್ತಿದ್ದೆ, ನನಗೆಲ್ಲಿ ಗೊತ್ತಾಗುತ್ತೆ ಅಂತ ಹಿಂದೆ ಸರಿಯುತ್ತಿದ್ದೆ ಅಂದ. ಅದಕ್ಕೇ ನಾಟಕ ಮಾಡಿದೆ. ಬೀಜ ಹಾಕಿದ್ದೂ ನಿನ್ನನ್ನು ನಂಬಿಯೇ.

"ಅವಳನ್ನ ಬಲ್ಲ ನಾಲಿಗೆ ಈ ಗುಡ್ಡದಲ್ಲಿ ಇನ್ನು ನಿಂದೊಂದೇ ಇರೋದು ಕಣೇ," ಅಂದ. "ಅವಳು ಮಾಡಿದ್ಲು, ನಾನು ಕಾದೆ. ಉಳಿಸಿದ್ದು ನೀನು."

ವೆರ್ನಾಗೆ ಬಾಯಲ್ಲಿ ಬಿಸಿ ತುಪ್ಪ ಹಿಡಿದ ಹಾಗಾಯಿತು. ಹೊರಗೆ ಡ್ರಮ್ಮಿನಲ್ಲಿ ಹಸಿ ಕಡ್ಡಿ ಚಟಚಟ ಅನ್ನುತ್ತಿತ್ತು. ಅಷ್ಟು ಹೊತ್ತು ಕಲ್ಲಿನ ಹಾಗಿದ್ದವಳಿಗೆ ಈಗ ಕೆನ್ನೆ ನಡುಗಲು ಶುರುವಾಯಿತು. ಅವನು ಅದನ್ನು ಬೇರೆಯೇ ಅರ್ಥ ಮಾಡಿಕೊಂಡು ಅವಳ ಮೊಣಕೈ ಸವರಿದ. ಜೇಬಿನಿಂದ ಪೆನ್ಸಿಲ್ಲು, ಕುಂಡಕ್ಕೆ ಸಿಕ್ಕಿಸುವ ಮರದ ಚೀಟಿ ತೆಗೆದು ಅವಳ ಮುಂದಿಟ್ಟ. ಆರಿಸಿದವರೇ ಹೆಸರು ಬರೆಯುವುದು ನಮ್ಮ ಪದ್ಧತಿ. ಹತ್ತೊಂಬತ್ತು ವರ್ಷದಲ್ಲಿ ಅವಳಿಗೆ ಆ ಪೆನ್ಸಿಲ್ಲು ಸಿಕ್ಕಿದ್ದು ಇದೇ ಮೊದಲು.

ಅವಳು ಬರೆದಳು. ಕೋರಾ.

ಆಮೇಲೆ ಅವನು ಫ್ರೀಜರಿನ ಬಾಗಿಲು ತೆಗೆದು, ತಳಕ್ಕೆ ಕೈ ಹಾಕಿ, ರಬ್ಬರ್ ಮುಚ್ಚಳದ ಪುಟ್ಟ ಭರಣಿ ಹೊರತೆಗೆದ. ತಳದಲ್ಲಿ ಒಂದೇ ಒಂದು ಹೂವು. ಜ್ವರಕ್ಕೆ ಮುಂಚಿನ ಕೋರಾ ಬೆಳೆಯದು, ತನ್ನ ಮೂಗಿಗೆ ಕೊನೆಯದಾಗಿ ಸಿಕ್ಕಿದ್ದು ಇದೇ ಅಂದ. ತುಲನೆ ಮಾಡಲು ಮೊದಲೇ ಕೊಡಬಹುದಿತ್ತು, ಆದರೆ ನಿನಗೆ ಪರೀಕ್ಷೆ ಇಟ್ಟ ಹಾಗಾಗುತ್ತದೆ ಅಂತ ಕೊಡಲಿಲ್ಲ ಅಂದ. ಬೆರಳಿನಿಂದ ಹೂ ಬಿಡಿಸಿ, ಒಂದು ಚೂರೂ ಚೆಲ್ಲದ ಹಾಗೆ ಬಟ್ಟಲಿಗೆ ಹಾಕಿ, ಶಾಖ ಮುನ್ನೂರ ನಲವತ್ತಕ್ಕೆ ಇಟ್ಟು, ನಳಿಗೆಯನ್ನು ಅವಳ ಕಡೆ ತಿರುಗಿಸಿದ. ತಾನು ಮೊದಲು ಎಳೆಯಲಿಲ್ಲ.

"ನೀನೇ ತಗೋ. ನಿಧಾನಕ್ಕೆ ಹೇಳ್ತಾ ಹೋಗು, ನಾನು ಕೇಳ್ತೀನಿ."

ವೆರ್ನಾ ಎಳೆದಳು. ಏಪ್ರಿಕಾಟು ಅಂದಳು, ಸಿಪ್ಪೆ, ಬಿಸಿಲಲ್ಲಿ ಇಟ್ಟದ್ದು. ಓರಿನ್ ಕಣ್ಣು ಮುಚ್ಚಿದ. ದೇವದಾರು, ನೆಂದದ್ದು. ಕೊನೆಗೆ ಕಹಿ, ಒಂದೇ ಚೂರು. ಎರಡು ವರ್ಷದಲ್ಲಿ ಅವಳು ಸುಳ್ಳಿಲ್ಲದೆ, ಏನನ್ನೂ ಒಳಗೆ ಉಳಿಸಿಕೊಳ್ಳದೆ ಹೇಳಿದ್ದು ಇದೊಂದೇ ಸಲ. ಅವನ ಕೆನ್ನೆಯ ಮೇಲೆ ನೀರು ಇಳಿಯಿತು, ಒರೆಸಿಕೊಳ್ಳಲಿಲ್ಲ. ಬಟ್ಟಲಿನ ಸೊಪ್ಪು ಕಂದು ಬಣ್ಣಕ್ಕೆ ತಿರುಗಿತು.

ಆಮೇಲೆ ಅವನು ಕಣ್ಣು ಬಿಟ್ಟು, ಅಭ್ಯಾಸದಂತೆ ಅವಳ ಮುಖ ನೋಡಿದ. ಮೇಜಿನ ಮೇಲಿನ ಗಿಡದ ಕಡೆ ಕೈ ತೋರಿಸಿ ಕೇಳಿದ.

"ಇದೂ ಅದೂ ಒಂದೇ ಅಲ್ವಾ?"

"ಒಂದೇ," ಅಂದಳು ವೆರ್ನಾ.